ಬಾಂದು ಕಲ್ಲಿನ ಮುಂದೆ ಉಡಿ ತುಂಬಿಸಿಕೊಂಡದ್ದು

ಅವತ್ತು ನಮ್ಮ ಎಂ.ಸಿ.ಸಿ. ಬಡಾವಣೆಗೆ ನಲ್ಲಿ ನೀರು ಬರುವ ದಿನ. ನೀರು ಬರುವ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲ ಸೇವೆ ನೀರು ತುಂಬುವ ಸಂಪಿಗೆ, ದೇವರಿಗೆ ಆಮೇಲೆ. ಪೈಪನ್ನು ಸಂಪಿನೊಳಗೆ ಇಳಿಬಿಟ್ಟು, ಅದು ಒಳಗೇ ಬೀಳುತ್ತಿದೆಯೋ ಜಾರಿ ಅಂಗಳಕ್ಕೆ ಹರಿಯುತ್ತಿದೆಯೋ ಎಂದು ಒಂದು ಕಿವಿ ಅತ್ತ ಇಟ್ಟು, ನಾನು ಒಗ್ಗರಣೆ ಮಂಡಕ್ಕಿಗೆ ಮಂಡಕ್ಕಿ ತೊಳೆಯುತ್ತಿದ್ದೆ. ಮಂಡಕ್ಕಿಯನ್ನು ನೀರಿಗೆ ಹಾಕಿದ ಕೂಡಲೇ ಹಿಂಡಿ ತೆಗೆಯಬೇಕು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಕೆಟ್ಟಿತು, ಆಮೇಲೆ ಅದರಿಂದ ಗೋಡೆಗೆ ಪೋಸ್ಟರ್ ಅಂಟಿಸಬಹುದು. ನಮ್ಮ ಯಜಮಾನರು ಮಾತಾಡಿಸುವುದು ಸರಿಯಾಗಿ ಆ ಹೊತ್ತಿನಲ್ಲೇ.

"ಅಲ್ಲಾ, ಬಿಸ್ಲಾಗ ನಿಂತ್ಕಂಡು ಹೊಲ ಅಳಿಯೋ ಕೆಲ್ಸ ಹೆಣ್ಮಕ್ಳಿಗೆ ಯಾಕ ಅಂತೀನಿ?" ಎಂದರು, ಪೇಪರಿನ ಹಿಂದಿನಿಂದ. ಅವರದು ಸ್ಪೇರ್ ಪಾರ್ಟ್ಸ್ ಅಂಗಡಿ. ಲೋಕದ ಎಲ್ಲ ಕೆಲಸವೂ ಫ್ಯಾನಿನ ಕೆಳಗೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಾಡುವಂಥದ್ದೇ ಆಗಿರಬೇಕು ಎಂಬುದು ಅವರ ಎಣಿಕೆ.

"ಹೊಲ ಅಲ್ರಿ, ಸೈಟು," ಎಂದೆ ನಾನು.

"ಸೈಟಿಗೇನು ಬಿಸ್ಲು ಬೀಳಲ್ಲೇನು?"

ಅಷ್ಟರಲ್ಲಿ ಮಂಡಕ್ಕಿ ಮೆತ್ತಗಾಯಿತು.

ಮಾತು ನಮ್ಮ ಸೊಸೆಯ ವಿಷಯದ್ದು. ಮದುವೆಯಾಗಿ ಬಂದು ಒಂದು ವರ್ಷದ ಮೇಲಾಗಿತ್ತು. ಸಿವಿಲ್ ಡಿಪ್ಲೊಮಾ ಓದಿದ ಹುಡುಗಿ. ಸರ್ವೇ ಕೆಲಸ ಕಲಿತು, ಮುಂದೆ ಲೈಸೆನ್ಸ್ ತೆಗೆದುಕೊಂಡು ತಾನೇ ಸರ್ವೇಯರ್ ಆಗಬೇಕೆಂದು ಅವಳ ಆಸೆ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೇ ಆರು ತಿಂಗಳು ತೆಗೆದುಕೊಂಡಿದ್ದಳು. ಹರಿಹರದಲ್ಲಿ ಒಬ್ಬ ಹಿರಿಯ ಖಾಸಗಿ ಸರ್ವೇಯರ್ ಇದ್ದರು. ಅವರ ಕೈಕೆಳಗೆ ಕಲಿತವರಿಗೆ ಎಲ್ಲಿ ಹೋದರೂ ಕೆಲಸವಿದೆ ಎಂದು ಅವಳ ಕಾಲೇಜಿನ ಮೇಷ್ಟ್ರು ಹೇಳಿದ್ದರಂತೆ. ಫೋನ್ ಮಾಡಿಸಿದಾಗ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಶುಕ್ರವಾರ ಒಂದು ಅಳತೆ ಐತೆ. ಬರ್ಲಿ. ಕೆಲ್ಸ ನೋಡ್ತೀನಿ, ಸಂಜಿಗೆ ಹೇಳ್ತೀನಿ," ಅಂದಿದ್ದರು. ಆ ಶುಕ್ರವಾರವೇ ಇದು.

ಮಗನಿಗೆ ಕರೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು. ಬೆಳಕು ಹರಿಯುವ ಮುಂಚೆಯೇ ಡಬ್ಬಿ ತೆಗೆದುಕೊಂಡು ಹೋಗಿದ್ದ. ಹೋಗುವ ಮುಂಚೆ ಸ್ಕೂಟಿಯ ಎರಡೂ ಗಾಲಿಗೆ ಗಾಳಿ ನೋಡಿ, ಹೆಂಡತಿಗೆ ಏನೂ ಹೇಳದೆ, ನನಗೆ ಮಾತ್ರ, "ಅಮ್ಮ, ನೀನೂ ಹೋಗು. ಅವ್ಳು ಅಲ್ಲಿ ಮಾತೇ ಆಡ್ಲಿಲ್ಲ ಅಂದ್ರೆ?" ಎಂದು ಮೆಲ್ಲಗೆ ಹೇಳಿದ್ದ. ಯಜಮಾನರೂ, "ಹೋಗ್ಲಿ, ಆದ್ರೆ ಒಬ್ಬಳೇ ಬ್ಯಾಡ," ಎಂದರು. ಹೀಗೆ ಅಪ್ಪ ಮಗ ಬೇರೆಬೇರೆ ಕಾರಣಕ್ಕೆ ನನ್ನನ್ನು ಸ್ಕೂಟಿಯ ಹಿಂದಿನ ಸೀಟಿಗೆ ಏರಿಸಿದರು.

ಸೊಸೆ ತಯಾರಾಗಿ ಬಂದಳು. ಚೂಡಿದಾರದ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು, ಕಾಲಿಗೆ ಹೊಸ ಕ್ಯಾನ್ವಾಸ್ ಶೂ. ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು, ಸದ್ದಾಗಬಾರದೆಂದು. ಅಳತೆಗೂ ಬಳೆಯ ಸದ್ದಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು. ಅವಳ ಕಣ್ಣಲ್ಲಿ ಇದ್ದ ಪರೀಕ್ಷೆಯ ದಿನದ ಕಳೆ ನೋಡಿ ಕೇಳಲಿಲ್ಲ. ನಾನು ಇಳಕಲ್ ಸೀರೆ ಉಟ್ಟಿದ್ದೆ. ಬೇರೆಯವರ ಮನೆಗೆ ಹೋಗುವಾಗ ಏನು ಉಡಬೇಕು ಅಂತ ನನಗೆ ಗೊತ್ತು. ಬೇರೆಯವರ ಕಾಂಪೌಂಡಿಗೆ ಹೋಗುವಾಗ ಏನು ಉಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ದಾರಿಯಲ್ಲಿ ದೊಡ್ಡಬಾತಿ ದಾಟಿದ ಮೇಲೆ ಅವಳು ಹೆಲ್ಮೆಟ್ಟಿನೊಳಗಿಂದ, "ಅತ್ತೆ, ಅವ್ರು ಬ್ಯಾಡ ಅಂದ್ರೆ ಮಾವನವರಿಗೆ ನೀವೇ ಹೇಳ್ತೀರಾ?" ಎಂದಳು. ಹೇಳುತ್ತೇನೆ ಅಂದೆ. ಏನೆಂದು ಹೇಳುವುದು ಅನ್ನುವುದನ್ನು ಹರಿಹರ ಬರುವವರೆಗೆ ಯೋಚಿಸಿದೆ, ಹೊಳೆಯಲಿಲ್ಲ.

ಊರಿನ ಹೊರಗೆ, ಹೊಳೆಯ ಕಡೆಯಿಂದ ಗಾಳಿ ಬರುವ ಒಂದು ಬಡಾವಣೆ. ಅಕ್ಕಪಕ್ಕದ ಎರಡು ಮನೆಗಳ ನಡುವೆ ಗೋಡೆ ಇರಲಿಲ್ಲ, ಒಂದು ಮುಳ್ಳುಬೇಲಿ ಇತ್ತು. ಅದೂ ಅರ್ಧ ಮುರಿದು, ಎರಡು ಮನೆಯ ಕೋಳಿಗಳೂ ಬಂದುಹೋಗುವ ದಾರಿಯಾಗಿತ್ತು. ಒಂದು ಮನೆ ನಿವೃತ್ತ ಮೇಷ್ಟ್ರದು. ಪಕ್ಕದ್ದು ಮರದ ಸಾಮಾನಿನ ಅಂಗಡಿ ಇಟ್ಟಿದ್ದ ಸಾಹೇಬರದು. ಇಬ್ಬರೂ ಇಪ್ಪತ್ತು ವರ್ಷದ ಗೆಳೆಯರು. ಇಬ್ಬರೂ ಸೇರಿ ಅರ್ಧರ್ಧ ಖರ್ಚಿನಲ್ಲಿ ಒಂದು ಕಾಂಪೌಂಡ್ ಗೋಡೆ ಕಟ್ಟಿಸೋಣ ಎಂದುಕೊಂಡು, ಕಟ್ಟುವ ಮುಂಚೆ ಒಂದು ಸಲ ಅಳತೆ ಹಾಕಿಸಿಬಿಡೋಣ ಎಂದು ಕರೆಸಿದ್ದರು.

ಸರ್ವೇಯರ್ ಸರ್ ನಮಗಿಂತ ಮುಂಚೆ ಬಂದಿದ್ದರು. ತೆಳ್ಳಗಿನ ಮನುಷ್ಯ, ತಲೆಗೆ ಬಟ್ಟೆಯ ಟೋಪಿ, ಬಾಯಲ್ಲಿ ಒಂದು ಲವಂಗ. ಮಾತಾಡಬೇಕಾದಾಗ ಲವಂಗವನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ಸಾಗಿಸುತ್ತಿದ್ದರು. ಆ ಸಾಗಾಟ ತ್ರಾಸವೆಂದೇ ಅವರು ಕಡಿಮೆ ಮಾತಾಡುತ್ತಾರೇನೋ ಎಂದು ನನಗೆ ಅನ್ನಿಸಿತು.

"ಕೋಲು ಹಿಡಿಯೋ ನಮ್ಮ ಮನುಷ್ಯ ಮಗಳ ನಿಶ್ಚಿತಾರ್ಥ ಅಂತ ಹೋಗ್ಯಾನೆ," ಎಂದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದರು. "ಅಮ್ಮಾರು ನಿಂತ್ಕಂತಾರೇನು?"

ನಾನು ಸೊಸೆಯ ಕಡೆ ನೋಡಿದೆ. ಸೊಸೆ ತನ್ನ ಶೂ ಕಡೆ ನೋಡಿದಳು. ನಿಂತುಕೊಳ್ಳುತ್ತೇನೆ ಅಂದೆ.

ಕೆಲಸ ನೋಡಲಿಕ್ಕೆ ಸುಲಭ. ಒಂದು ಕಡೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟೋಟಲ್ ಸ್ಟೇಷನ್ ಅನ್ನುವ ಯಂತ್ರ, ಹಳದಿ ಬಣ್ಣದ್ದು, ದೊಡ್ಡ ಮಿಕ್ಸಿಯಷ್ಟು. ಇನ್ನೊಂದು ಕಡೆ ನಾನು, ನನ್ನ ಕೈಯಲ್ಲಿ ಒಂದು ಕೋಲು, ಕೋಲಿನ ತುದಿಯಲ್ಲಿ ನನ್ನ ಗಲ್ಲದ ಎತ್ತರಕ್ಕೆ ಪ್ರಿಸಂ ಎಂಬ ಗಾಜಿನ ಕಣ್ಣು. ಯಂತ್ರದಿಂದ ಆ ಗಾಜಿಗೆ ಗುರಿಯಿಟ್ಟು ಗುಂಡಿ ಒತ್ತಿದರೆ ಕೋಲಿನ ಬುಡ ಎಲ್ಲಿದೆ ಎಂದು ಯಂತ್ರ ಬರೆದುಕೊಳ್ಳುತ್ತದೆ. ಒಂದೇ ಷರತ್ತು, ಕೋಲು ನೆಟ್ಟಗಿರಬೇಕು. ಅದಕ್ಕೆಂದು ಕೋಲಿನ ನಡುವೆ ಬಟನ್ನಿನಷ್ಟು ಒಂದು ದುಂಡು ಗಾಜು, ಅದರೊಳಗೆ ಒಂದು ನೀರ್ಗುಳ್ಳೆ. ಗುಳ್ಳೆ ವೃತ್ತದ ಮಧ್ಯಕ್ಕೆ ಬಂದಾಗ ನಾನು ಬಲಗೈ ಎತ್ತಬೇಕು, ಆಗ ಸೊಸೆ ಗುಂಡಿ ಒತ್ತಬೇಕು.

"ನೆಟ್ಟಗೆ ನಿಲ್ರಿ ಅಮ್ಮಾರೇ, ಅಷ್ಟೇ ಕೆಲ್ಸ," ಎಂದರು ಸರ್.

ನೆಟ್ಟಗೆ ನಿಲ್ಲುವುದನ್ನು ನನಗೆ ಹೇಳಿಕೊಡಬೇಕೇ? ನಾನು ಕಾನ್ವೆಂಟಿನಲ್ಲಿ ಓದಿದವಳು. ತಲೆಯ ಮೇಲೆ ಪುಸ್ತಕ ಇಟ್ಟು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಪುಸ್ತಕ ಬಿದ್ದರೆ ಮತ್ತೆ ಮೊದಲಿಂದ. ಅಷ್ಟು ವರ್ಷ ಆ ವಿದ್ಯೆ ಎಲ್ಲಿಯೂ ಉಪಯೋಗಕ್ಕೆ ಬಂದಿರಲಿಲ್ಲ. ಒಲೆ ಮುಂದೆ, ಸಿಂಕಿನ ಮುಂದೆ, ಪೊರಕೆಯ ಹಿಂದೆ ಎಲ್ಲ ಕಡೆ ಬಗ್ಗುವುದೇ ಆಯಿತು. ಈಗ ಪ್ರಾರ್ಥನೆಗೆ ನಿಂತ ಹಾಗೆ ನಿಂತೆ. ಮೊದಲನೇ ಮೂಲೆ, ಎರಡನೇ ಮೂಲೆ, ಮನೆಯ ಗೋಡೆ, ಸಾಹೇಬರ ಬಚ್ಚಲು, ನೀರಿನ ತೊಟ್ಟಿ. ಗುಳ್ಳೆ ನಡುವೆ ಬರುವುದು, ನಾನು ಕೈ ಎತ್ತುವುದು, ದೂರದಿಂದ ಸೊಸೆ, "ಆತು ಅತ್ತೆ!" ಎನ್ನುವುದು. ಮನೆಯಲ್ಲಿ ಪಿಸುಗುಟ್ಟುವ ಹುಡುಗಿಯ ಗಂಟಲು ಅಷ್ಟು ದೂರ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಸರ್ ಸ್ವಲ್ಪ ಹೊತ್ತು ಅವಳ ಬೆನ್ನ ಹಿಂದೆ ನಿಂತು ನೋಡಿ, ಮೇಷ್ಟ್ರ ಜಗುಲಿಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಕೂತರು.

ಕೊನೆಗೆ ಉಳಿದದ್ದು ಹಿತ್ತಲಿನ ಮೂಲೆ. ಅಲ್ಲಿ ಎರಡು ಸೈಟಿಗೂ ಸೇರಿದ ಒಂದು ಬಾಂದು ಕಲ್ಲು, ಅಂದರೆ ಗಡಿಗೆ ನೆಟ್ಟ ಕಲ್ಲು, ಅರ್ಧ ಮಣ್ಣಲ್ಲಿ ಹೂತಿತ್ತು. ಗೋಡೆಯ ಗೆರೆ ತೀರ್ಮಾನವಾಗುವುದೇ ಅದರ ಮೇಲೆ. ನಾನು ಅದರ ತಲೆಯ ಮೇಲೆ ಕೋಲಿಟ್ಟು ಗುಳ್ಳೆಯನ್ನು ಹದಕ್ಕೆ ತರುತ್ತಿದ್ದಾಗ ಮೇಷ್ಟ್ರ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ಕರೆದರು.

"ಒಳಗ್ ಬರ್ರಿ ಅಕ್ಕಾರೆ, ಕುಂಕುಮ ತಗಳ್ರಿ."

"ಈ ಕೋಲು ಬಿಡೋ ಹಂಗಿಲ್ರಿ."

"ಶುಕ್ರವಾರ ಮೊದಲ್ನೇ ಸಲ ನಮ್ಮನಿಗೆ ಬಂದೀರಿ. ಮುತ್ತೈದೆ ಬರಿಗೈಲಿ ಹೋದ್ರೆ ನಮಗೆ ಹೆಂಗಾಗಬ್ಯಾಡ?"

"ಮುಗಿಸ್ಕಂಡು ಬರ್ತೀನ್ರಿ."

"ಆಮೇಲೆ ಮರ್ತು ಗಾಡಿ ಹತ್ತಿಬಿಡ್ತೀರಿ, ನನಗ್ ಗೊತ್ತೈತೆ. ನೀವು ಬರಾಕಾಗಲ್ಲ ಅಂದ್ರೆ ನಾನೇ ಬರ್ತೀನಿ ತಗಳ್ರಿ!"

ಬಂದೇಬಿಟ್ಟರು. ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಬಟ್ಟೆ, ಅಕ್ಕಿ, ಒಂದು ತೆಂಗಿನಕಾಯಿ, ಎಲೆಯಡಿಕೆ. ಬರೀ ಕುಂಕುಮವಲ್ಲ, ಉಡಿಯನ್ನೇ ತುಂಬಲು ಬಂದಿದ್ದರು. ಹಿತ್ತಲಿನಲ್ಲಿ, ಗೊಬ್ಬರದ ಗುಂಡಿಯ ಪಕ್ಕ, ಬಿಸಿಲಲ್ಲಿ. ಬೇಡ ಅನ್ನುವುದು ಹೇಗೆ? ಉಡಿ ತುಂಬಲು ಬಂದವರಿಗೆ ಬೇಡ ಅಂದ ಹೆಂಗಸನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ.

ಎಡಗೈಯಲ್ಲಿ ಕೋಲು. ಬಲಗೈ ಎತ್ತಿ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಕುಂಕುಮಕ್ಕೆ ತಲೆ ಬಾಗಿಸಿದೆ. ಆಮೇಲೆ ಸೆರಗಿನ ತುದಿಯನ್ನು ಚಾಚಿ ಬಗ್ಗಿದೆ. ಆಕೆ ಅಕ್ಕಿಯನ್ನು ಹಿಡಿಹಿಡಿಯಾಗಿ, ಬಾಯಲ್ಲೇ ಏನೋ ಹೇಳಿಕೊಳ್ಳುತ್ತಾ, ಒಂದು ಕಾಳೂ ಚೆಲ್ಲದಂತೆ ಹಾಕಿದರು. ಕಾಯಿ ಇಟ್ಟರು. ಅಷ್ಟರಲ್ಲಿ ದೂರದಿಂದ, "ಆತು ಅತ್ತೆ!" ಎಂದು ಕೇಳಿಸಿತು. ಉಡಿ ತುಂಬಿದ್ದಾಯಿತು ಅನ್ನುವುದಕ್ಕೇ ಸೊಸೆ ಹಾಗೆ ಕೂಗಿದಳು ಎಂದುಕೊಂಡು ನಾನು ಸಂತೋಷವಾಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಲು ಎತ್ತಿಕೊಂಡು ಜಗುಲಿಗೆ ಬಂದೆ.

ಜಗುಲಿಯ ಮೇಲೆ ಸರ್ ಯಂತ್ರದ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ತೆರೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಒಂದು ಕಡೆ ಮೇಷ್ಟ್ರು, ಒಂದು ಕಡೆ ಸಾಹೇಬರು ಬಗ್ಗಿ ನೋಡುತ್ತಿದ್ದರು. ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಸರ್ ಲವಂಗವನ್ನು ಎಡಗೆನ್ನೆಗೆ ಸಾಗಿಸಿದರು.

"ಹಿಂದಿನ ಮೂಲೆ ಕಲ್ಲು ನಕಾಶೆಯಲ್ಲಿರೋ ಜಾಗದಾಗಿಲ್ಲ. ಮೇಷ್ಟ್ರ ಕಡೆಗೆ ಎರಡೂವರೆ ಅಡಿ ಸರ್ದೈತೆ."

ಅಂದರೆ, ಯಾರೋ ಆ ಕಲ್ಲನ್ನು ಕಿತ್ತು ಮೇಷ್ಟ್ರ ಜಾಗದೊಳಗೆ ನೆಟ್ಟಿದ್ದಾರೆ. ಅಂದರೆ, ಎರಡೂವರೆ ಅಡಿ ಸಾಹೇಬರಿಗೆ ಹೆಚ್ಚಾಗಿ ಸಿಕ್ಕಿದೆ. ಎಲ್ಲರ ಕಣ್ಣೂ ಸಾಹೇಬರ ಕಡೆ ತಿರುಗಿತು.

"ಅರೆ, ನಾನ್ಯಾಕ್ರಿ ಕಲ್ಲು ಸರಿಸ್ಲಿ?" ಎಂದರು ಸಾಹೇಬರು. "ಮಂಡಿನೋವು ನನಗೆ. ಮನ್ಯಾಗ ಗ್ಯಾಸ್ ಸಿಲಿಂಡರ್ ಎತ್ತಿಡು ಅಂದ್ರೆ ಬೇಗಮ್ಮೇ ಎತ್ತಿಡ್ತಾಳೆ!"

"ಛೆ ಛೆ, ನಾನೇನಾರ ಅಂದ್ನೇನ್ರಿ?" ಎಂದರು ಮೇಷ್ಟ್ರು. "ಎರಡೂವರೆ ಅಡಿ ತಾನೆ? ಇರ್ಲಿ, ಇಟ್ಕಳ್ರಿ."

"ಇಟ್ಕಳ್ರಿ ಅಂದ್ರೆ? ದಾನ ಖೈರಾತು ಕೊಡ್ತೀರೇನ್ರಿ ನನಗೆ?"

"ಖೈರಾತು ಅಂತ ಯಾಕ ತಿಳ್ಕಂತೀರಿ? ಪ್ರೀತಿಗೆ ಅಂತ ತಿಳ್ಕಳ್ರಿ."

"ಪ್ರೀತಿಗೆ ಬಿರಿಯಾನಿ ಕೊಡ್ತಾರೆ, ಹೋಳಿಗಿ ಕೊಡ್ತಾರೆ. ಜಾಗ ಕೊಡೋದು ಯಾವ ಪ್ರೀತಿರಿ? ನನಗೆ ಬ್ಯಾಡ, ಕಿತ್ಕಳ್ರಿ! ನಮ್ ಬಚ್ಚಲು ಅಲ್ಲೇ ಐತೆ, ಅದನ್ನೂ ಕಿತ್ಕಂಡು ಹೋಗ್ರಿ!"

"ನಿಮ್ ಬಚ್ಚಲು ತಗಂಡು ನಾನೇನು ಮಾಡ್ಲಿ?" ಎಂದು ಮೇಷ್ಟ್ರು ಧ್ವನಿ ಏರಿಸಿದರು.

ಇಬ್ಬರೂ ಕೊಡುವುದಕ್ಕೇ ಜಗಳಾಡುತ್ತಿದ್ದರು. ಆದರೂ ಇಬ್ಬರ ಮುಖವೂ ಕೆಂಪಗಾಗಿತ್ತು. ನಾನು ಸೊಸೆಯನ್ನು ನೋಡಿದೆ. ಅವಳು ಲ್ಯಾಪ್‌ಟಾಪಿನ ತೆರೆಯನ್ನೇ ನೋಡುತ್ತಿದ್ದಳು, ತುಟಿ ಅಲ್ಲಾಡಿಸುತ್ತಾ, ಅಂಕಿಗಳನ್ನು ಓದಿಕೊಳ್ಳುತ್ತಾ. ಮೊದಲ ದಿನವೇ ಇಂಥ ಅಳತೆ. ಸರ್ ಇವಳನ್ನು ಇಟ್ಟುಕೊಳ್ಳುವುದಿಲ್ಲ, ಯಜಮಾನರಿಗೆ ಹೇಳುವ ಮಾತನ್ನು ಈಗಲೇ ಹೊಂದಿಸಿಕೊಳ್ಳಬೇಕು ಎಂದು ನಾನು ಅಂದುಕೊಳ್ಳುತ್ತಿರುವಾಗ ಅವಳು, "ಸರ್," ಅಂದಳು.

ಯಾರಿಗೂ ಕೇಳಿಸಲಿಲ್ಲ. ಬಚ್ಚಲಿನ ಮಾತು ನಡೆದೇ ಇತ್ತು.

"ಸರ್!" ಎಂದಳು ಮತ್ತೆ. ಇದು ಸೈಟಿನ ಗಂಟಲು. ಎಲ್ಲರೂ ತಿರುಗಿದರು.

"ಕಲ್ಲು ಸರಿದಿದ್ರೆ ಸರೀಲಿ ಸರ್. ಆದ್ರೆ ನೆಲ ಯಾಕ ಇಳೀತು? ಹಿತ್ತಲು ಪೂರ್ತಿ ಒಂದೇ ಮಟ್ಟ ಐತೆ, ಆ ಮೂಲೆ ಮಾತ್ರ ಒಂದು ಗೇಣು ತಗ್ಗು ತೋರಿಸ್ತೈತೆ. ಅಲ್ಲಿ ತಗ್ಗಿಲ್ಲ, ನಾನು ನೋಡೀನಿ."

ಸರ್ ತೆರೆಯ ಹತ್ತಿರ ಮುಖ ತಂದರು. ಲವಂಗ ಅಲ್ಲಾಡಲಿಲ್ಲ. "ಹಂಗಾದ್ರೆ?"

ಸೊಸೆ ನನ್ನ ಕಡೆ ನೋಡಿದಳು. ನಾನು ಏನೂ ತಿಳಿಯದೆ ಅವಳಿಗೆ ಧೈರ್ಯ ಬರಲೆಂದು ತಲೆಯಾಡಿಸಿದೆ. ಒಂದು ವಿಷಯ ಹೇಳಬೇಕು. ಈ ಹುಡುಗಿ ಒಮ್ಮೆ ನಾನು ಉಪ್ಪು ಹಾಕುವುದನ್ನೇ ಮರೆತ ಸಾರನ್ನು, ಎರಡನೇ ಸಲ ಬಡಿಸಿಕೊಂಡು ಉಂಡವಳು. ರಾತ್ರಿ ಅವಳ ಗಂಡ ಉಣ್ಣಲು ಕೂತು ಕೂಗಿಕೊಂಡಾಗಲೇ ನನಗೆ ತಿಳಿದದ್ದು. ಅದಕ್ಕೂ ಮುಂಚೆ ಹೆಂಗಾಗಿತ್ತಮ್ಮಾ ಎಂದು ನಾನು ಕೇಳಿದ್ದಕ್ಕೆ, "ಚೆನ್ನಾಗಿತ್ತು ಅತ್ತೆ," ಅಂದಿದ್ದಳು.

ಅಂಥವಳು ಈಗ ಎಲ್ಲರಿಗೂ ಕೇಳುವಂತೆ, "ಅತ್ತೆ ಬಗ್ಗಿದ್ರು ಸರ್," ಎಂದಳು.

ಜಗುಲಿಯಲ್ಲಿದ್ದ ಎಲ್ಲರೂ ನನ್ನನ್ನು ನೋಡಿದರು.

"ಅವ್ರು ಸೆರಗು ಹೊದ್ಕೊಳಾಕೆ ಕೈ ಎತ್ತಿದ್ರು. ನಾನು ರೆಡಿ ಅಂದ್ಕಂಡು ಗುರಿ ಇಟ್ಟೆ. ದೂರದರ್ಶಕದಾಗ ಪ್ರಿಸಂ ಕೆಳಗೆ ಜಾರ್ದಂಗಾತು, ಅದ್ರ ಹಿಂದೇ ಹೋಗಿ ಒತ್ತಿಬಿಟ್ಟೆ. ಅವ್ರು ಬಗ್ಗಿದಾಗ ಕೋಲೂ ಬಗ್ಗೈತೆ. ಮೇಷ್ಟ್ರ ಮನೆ ಕಡೆಗೇ ಬಗ್ಗೈತೆ. ಕಲ್ಲು ಎಲ್ಲಿತ್ತೋ ಅಲ್ಲೇ ಐತೆ ಸರ್. ಆ ಒಂದು ಪಾಯಿಂಟ್ ತಪ್ಪು, ಮತ್ತೆ ತಗೋಬೇಕು."

"ಯಾಕ ಬಗ್ಗಿದ್ರಿ ಅಮ್ಮಾರೇ?" ಎಂದರು ಸರ್.

ಉತ್ತರ ನನ್ನ ಸೊಂಟದಲ್ಲೇ ಇತ್ತು. ಸೆರಗಿನಿಂದ ಕಾಯಿಯ ಜುಟ್ಟು ಇಣುಕುತ್ತಿತ್ತು. ಮೇಷ್ಟ್ರ ಹೆಂಡತಿ ಬಾಗಿಲ ಮರೆಯಿಂದ, "ಅಯ್ಯೋ ಶಿವನೇ, ನಾನೇ ಉಡಿ ತುಂಬೀನ್ರಿ!" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಸಾಹೇಬರು ಮಂಡಿ ಹಿಡಿದುಕೊಂಡು ನಗಲಿಕ್ಕೆ ಶುರುಮಾಡಿದರು. "ಲೋ ಮೇಷ್ಟ್ರೇ, ಉಡಿ ತುಂಬಿಸ್ಕಂಡಿದ್ದು ಅಮ್ಮಾರು, ಎರಡೂವರೆ ಅಡಿ ಕಳ್ತನ ನನ್ನ ಮ್ಯಾಲೆ!"

ಮತ್ತೆ ಹಿತ್ತಲಿಗೆ ಹೋದೆವು. ಈ ಸಲ ಮೆರವಣಿಗೆ. ನಾನು ಕಲ್ಲಿನ ಮೇಲೆ ಕೋಲಿಟ್ಟೆ. ಕಾಯಿ, ಅಕ್ಕಿ ಎಲ್ಲ ಮೇಷ್ಟ್ರ ಹೆಂಡತಿಯ ತಟ್ಟೆಗೆ ವಾಪಸು ಇಟ್ಟಿದ್ದೆ. ಅವರು ಅದನ್ನು ಹಿಡಿದುಕೊಂಡು, ಹತ್ತಿರ ಬರಬಾರದೆಂದು ತುಳಸಿಕಟ್ಟೆಯ ಆಚೆ ನಿಂತಿದ್ದರು. ಸಾಹೇಬರ ಬೇಗಂ ಬೇಲಿಯ ಸಂದಿಯಿಂದ ಚಹದ ಲೋಟ ಚಾಚಲು ಹೋದರು. "ಆಮೇಲೆ ಕೊಡೇ, ಆಮೇಲೆ! ಈಗ ಚಾ ಕೊಟ್ರೆ ನಮ್ ಅಡಿಗಿಮನಿ ಹೋಗ್ತೈತೆ!" ಎಂದು ಸಾಹೇಬರು ತಡೆದರು. ನಗು ಬಂದರೆ ಗುಳ್ಳೆ ಅಲ್ಲಾಡುತ್ತದೆ. ನಾನು ಕಾರಿಡಾರಿನ ಸಿಸ್ಟರನ್ನು ನೆನೆದು ಹಲ್ಲು ಕಚ್ಚಿ ನಿಂತೆ. ಗುಳ್ಳೆ ನಡುವೆ ಬಂತು. ಕೈ ಎತ್ತಿದೆ. ಸೊಸೆ ಈ ಸಲ ಕೂಡಲೇ ಒತ್ತಲಿಲ್ಲ. ಯಂತ್ರದಿಂದ ತಲೆ ಎತ್ತಿ ನನ್ನನ್ನು ಪೂರ್ತಿ ಒಮ್ಮೆ ನೋಡಿ, "ಅತ್ತೆ, ಸೆರಗೋ, ರೆಡಿನೋ?" ಎಂದು ಕೇಳಿದಳು.

"ರೆಡಿ!" ಎಂದೆ.

ಕಲ್ಲು ನಕಾಶೆಯಲ್ಲಿ ಇದ್ದಲ್ಲೇ ಇತ್ತು. ಬೆರಳಗಲ ಆಚೀಚೆ, ಅದು ಲೆಕ್ಕಕ್ಕಿಲ್ಲ ಎಂದರು ಸರ್. ಮೇಷ್ಟ್ರೂ ಸಾಹೇಬರೂ ಏನೂ ಆಗದವರ ಹಾಗೆ ಗೋಡೆಗೆ ಇಟ್ಟಿಗೆಯೋ ಸಿಮೆಂಟ್ ಬ್ಲಾಕೋ ಎಂಬ ಹೊಸ ಜಗಳ ಹೂಡಿದರು.

ಯಂತ್ರವನ್ನು ಪೆಟ್ಟಿಗೆಗೆ ಹಾಕುವಾಗ ಸೊಸೆ ತಲೆ ಎತ್ತಲಿಲ್ಲ. ಸ್ಟ್ಯಾಂಡಿನ ಮೂರು ಕಾಲಿಗೆ ಮೆತ್ತಿದ ಮಣ್ಣನ್ನು ತನ್ನ ಕರ್ಚೀಫಿನಿಂದಲೇ ಒರೆಸಿದಳು, ಒಮ್ಮೆ ಒರೆಸಿದ್ದನ್ನು ಮತ್ತೊಮ್ಮೆ ಒರೆಸಿದಳು. ಸಂಜೆಗೆ ಹೇಳುತ್ತೇನೆ ಅಂದಿದ್ದ ಸರ್ ಟೋಪಿ ತೆಗೆದು ಬೆವರು ಒರೆಸಿಕೊಂಡು, ನಮ್ಮಿಬ್ಬರ ಮಧ್ಯೆ ಎಲ್ಲೋ ನೋಡುತ್ತಾ ಹೇಳಿದರು:

"ಕೈ ಎತ್ತಿದ್ರೂ ಕಣ್ಣಾರೆ ನೋಡದೆ ಒತ್ತಬಾರ್ದು. ಅದು ನಿನ್ನ ತಪ್ಪು."

"ಹೂಂ ಸರ್."

"ಉಳಿದ ಕೆಲ್ಸ ಕಲಿಸಬಹುದು." ಲವಂಗ ಬಲಕ್ಕೆ ಹೋಗಿ ಎಡಕ್ಕೆ ಬಂತು. "ನಾಳೆ ಎಂಥೆಂಥವ್ರು ಬಂದು, ಗೆರೆ ಸ್ವಲ್ಪ ಈ ಕಡೆ ತಗಳಮ್ಮ ಅಂತಾರೆ. ಅತ್ತೇನ ಎದುರಿಗೆ ಇಟ್ಕಂಡು ಬಗ್ಗಿದ್ರು ಅಂದೋಳು, ಅವ್ರಿಗೇನು ಹೆದರ್ತೀ? ಸೋಮವಾರದಿಂದ ಬಾ. ಟೋಪಿ ತಗಂಬಾ." ಆಮೇಲೆ ನನಗೆ, "ನೀವು ಬರೋದೇನು ಬ್ಯಾಡ್ರಿ ಅಮ್ಮಾರೇ. ನಮ್ಮ ಮನುಷ್ಯ ಬರ್ತಾನೆ," ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು.

ಹೊರಡುವಾಗ ಮೇಷ್ಟ್ರ ಹೆಂಡತಿ ಮನೆಯೊಳಗೆ ಮಣೆಯ ಮೇಲೆ ಕೂಡ್ರಿಸಿ ಮತ್ತೊಮ್ಮೆ ಉಡಿ ತುಂಬಿದರು. ಈ ಸಲ ಸೊಸೆಗೂ ತುಂಬಿದರು. ಶರ್ಟಿಗೆ ಸೆರಗಿಲ್ಲವಲ್ಲ, ದುಪಟ್ಟಾ ಮನೆಯಲ್ಲೇ ಉಳಿದಿತ್ತು. ಅವಳು ಗಂಡನ ಶರ್ಟಿನ ಮುಂದಿನ ಅಂಚನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ಅಕ್ಕಿ ತುಂಬಿಸಿಕೊಂಡಳು.

ದಾರಿಯಲ್ಲಿ ಅವಳು, "ಬೇಜಾರಾತೇನು ಅತ್ತೆ?" ಎಂದು ಕೇಳಿದಳು.

"ಯಾಕಮ್ಮ?"

"ಎಲ್ಲರ ಮುಂದೆ ಅಂದೆ."

ಬೇಜಾರಾಗಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಅವಳು ಹಾಗೆ ಅಂದ ಕ್ಷಣ ಒಂದು ಚುರುಕು ಮುಟ್ಟಿದ್ದು ನಿಜ. ಆದರೆ ಅದು ಇಳಿಯುವಷ್ಟರಲ್ಲಿ ನನ್ನೊಳಗೆ ಬೇರೊಂದು ಬಂದು ಕೂತಿತ್ತು. ಅದಕ್ಕೆ ಹೆಮ್ಮೆ ಅನ್ನಬೇಕೋ ಹೆದರಿಕೆ ಅನ್ನಬೇಕೋ ತಿಳಿಯಲಿಲ್ಲ. ಇನ್ನು ಮುಂದೆ ಮನೆಯಲ್ಲಿ ಎಲ್ಲರೂ ಸ್ವಲ್ಪ ನೆಟ್ಟಗೆ ನಿಲ್ಲಬೇಕಾಗುತ್ತದೆ ಅನ್ನಿಸಿತು. "ಮುಂದೆ ನೋಡ್ಕಂಡು ಗಾಡಿ ಹೊಡಿ," ಎಂದೆ.

ಯಜಮಾನರು ಅಂಗಡಿಯಿಂದ ಫೋನ್ ಮಾಡಿದಾಗ ಮಾತು ಹೊಂದಿಸುವ ಕಷ್ಟವೇ ಬರಲಿಲ್ಲ. "ಸೋಮವಾರದಿಂದ ಬಾ ಅಂದ್ರು," ಎಂದೆ. ಅವರು, "ಬಿಸ್ಲಿಗೆ ಟೋಪಿ ಬೇಕಾಗ್ತದಲ್ಲ? ಬರ್ತಾ ತರ್ತೀನಿ," ಎಂದರು. ಟೋಪಿಯ ಮಾತನ್ನು ನಾನಿನ್ನೂ ಹೇಳಿಯೇ ಇರಲಿಲ್ಲ.

ಸಂಜೆ ಗೇಟಿನ ಹತ್ತಿರ ನಿಂತು, ಉಡಿಯ ಅಕ್ಕಿಯಲ್ಲಿ ಸೇರಿಕೊಂಡಿದ್ದ ಹಿತ್ತಲಿನ ಕಸ ಆರಿಸುತ್ತಿದ್ದೆ. ಎದುರು ಮನೆಯವರು ಹಾಲಿನ ಪ್ಯಾಕೆಟ್ಟು ಹಿಡಿದು ಬರುತ್ತಿದ್ದವರು ನಿಂತರು.

"ಸೊಸಿಗೆ ಕೆಲ್ಸ ಸಿಕ್ತಂತೆ?"

"ಹೂಂನ್ರಿ, ಕಲಿಯಾಕೆ ತಗಂಡಾರೆ."

ಅವರು ಅಂಗಳದಲ್ಲಿ ಶೂ ತೊಳೆಯುತ್ತಿದ್ದ ಸೊಸೆಯನ್ನು ನೋಡಿದರು. ಆಮೇಲೆ ನನ್ನ ಮೂಗು, ಕೆನ್ನೆ, ಹಣೆ ಎಲ್ಲ ನೋಡಿದರು.

"ಅಲ್ರಿ, ಕೆಲ್ಸ ಸಿಕ್ಕಿದ್ದು ಅವ್ಳಿಗೆ, ಸುಟ್ಟು ಕರ್ರಗಾಗೀರಿ ನೀವು," ಎಂದು ಹೇಳಿ, ಹಾಲು ಕಾಯಿಸಬೇಕೆಂದು ಒಳಗೆ ಹೋದರು.